ಕುಬಸದ ಹಾಡೂ ಕಾಣೆಯಾದ ಮಾಡ್ಯೂಲೂ

ಯಾರಾದರೂ ‘ಇಲ್ಲ’ ಎಂದರೆ ನನಗೆ ಸಿಟ್ಟು ಬರುವುದಿಲ್ಲ. ಇಲ್ಲ ಎಂದಮೇಲೆ ಅಲ್ಲಿಗೆ ಮುಗಿಯಿತು. ಮನುಷ್ಯ ಬೇರೆ ಕಡೆ ಹುಡುಕಿಕೊಳ್ಳಬಹುದು, ಇಲ್ಲವೇ ಸುಮ್ಮನಾಗಬಹುದು. ನನ್ನ ಮೈ ಉರಿಯುವುದು ‘ಇದೆ, ಆದರೆ ಸಿಗುತ್ತಿಲ್ಲ’ ಅನ್ನುವವರನ್ನು ಕಂಡಾಗ. ಠಾಣೆಯ ಮಾಜಿವಾಡಾ ಹತ್ತಿರದ ಒಂದು ಔಷಧಿ ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಇಡೀ ನೌಕರಿ ಕಳೆದವನು ನಾನು. ‘ಸಾಹೇಬ್, ಸಿಸ್ಟಮ್ ಮೇ ಹೈ, ಕಪಾಟ್ ಮೇ ನಹೀಂ ಹೈ’, ಲೆಕ್ಕದಲ್ಲಿದೆ, ಕಪಾಟಿನಲ್ಲಿಲ್ಲ ಎಂಬ ಮಾತನ್ನು ಕೇಳಿ ಕೇಳಿಯೇ ನನ್ನ ತಲೆಯ ಮುಂಭಾಗ ಬೋಳಾಯಿತೆಂದು ನಾನು ನಂಬಿದ್ದೇನೆ. ಅದು ನಮ್ಮಪ್ಪನಿಂದ ಬಂದದ್ದೆಂದು ಹೆಂಡತಿ ನಂಬಿದ್ದಾಳೆ. ನಿವೃತ್ತನಾಗಿ ಹಾರ ಹಾಕಿಸಿಕೊಂಡು ಮನೆಗೆ ಬಂದ ದಿನ, ಇನ್ನು ಆ ಮಾತು ಕೇಳುವ ಕರ್ಮ ತಪ್ಪಿತು ಅಂದುಕೊಂಡಿದ್ದೆ. ಎಲ್ಲಿಯ ತಪ್ಪುವುದು! ಡೊಂಬಿವಲಿಯ ನಮ್ಮ ಮನೆಯ ಹೊರಕೋಣೆಯಲ್ಲಿ, ಟಿವಿಯ ಪಕ್ಕದಲ್ಲಿ, ಹಳೆಯ ಸೀರೆಯ ತುಂಡಿನ ಹೊದಿಕೆ ಹೊದ್ದು ಕೂತಿರುವ ನಮ್ಮದೇ ಕಂಪ್ಯೂಟರು ಒಂದು ಬೆಳಿಗ್ಗೆ ಅದೇ ಮಾತನ್ನು ನನಗೆ ಹೇಳಿತು. ಅದೂ ನನ್ನ ಬದುಕಿನಲ್ಲಿ ಅದರಿಂದ ಒಂದು ಕೆಲಸ ನಿಜವಾಗಿ ಬೇಕಾಗಿದ್ದ ಹೊತ್ತಿಗೆ.

ವಿಷಯ ಇಷ್ಟು. ನಮ್ಮ ಒಬ್ಬಳೇ ಮಗಳು ಅಶ್ವಿನಿ ನವಿ ಮುಂಬಯಿಯ ಕಾಮೋಠೆಯಲ್ಲಿ ಗಂಡ ಮತ್ತು ಅತ್ತೆಯ ಜೊತೆ ಇದ್ದಾಳೆ. ಅಳಿಯ ಮರಾಠಿಯವನು; ಒಳ್ಳೆಯ ಹುಡುಗ, ನನ್ನ ಜೋಕು ಅರ್ಥವಾಗದಿದ್ದರೂ ನಗುತ್ತಾನೆ. ಅಶ್ವಿನಿಗೆ ಏಳನೇ ತಿಂಗಳು ನಡೆಯುತ್ತಿತ್ತು. ನಮ್ಮ ಗದಗಿನ ಕಡೆ ಬಸುರಿಗೆ ಕುಬಸ ಮಾಡುತ್ತಾರೆ: ತವರಿನವರು ಹಸಿರು ಸೀರೆ, ಹಸಿರು ಕುಬಸ ಅಂದರೆ ರವಿಕೆ ತಂದು ಉಡಿಸಿ, ಬಳೆ ತೊಡಿಸಿ, ಉಡಿ ತುಂಬಿ, ಹೆಂಗಸರೆಲ್ಲ ಸುತ್ತ ಕೂತು ಹಾಡುತ್ತಾರೆ. ನನ್ನ ಹೆಂಡತಿ ಸುಮತಿ ಉಡುಪಿ ಕಡೆಯವಳು. ಅವಳ ಲೆಕ್ಕದಲ್ಲಿ ಅದು ಸೀಮಂತ, ಅದರ ಕ್ರಮವೇ ಬೇರೆ. ನಮ್ಮ ಬೀಗಿತ್ತಿಯ ಲೆಕ್ಕದಲ್ಲಿ ಅದು ಡೋಹಾಳೆ ಜೇವಣ. ಬಸುರಿಯನ್ನು ಹೂವಿನ ಉಯ್ಯಾಲೆಯಲ್ಲಿ ಕೂರಿಸಿ ಬಯಕೆಯ ಊಟ ಹಾಕುವುದು. ಮೂರನ್ನೂ ಸೇರಿಸಿ ಒಂದೇ ಭಾನುವಾರ ನಮ್ಮ ಸೊಸೈಟಿಯ ಸಭಾಗೃಹದಲ್ಲಿ ಮುಗಿಸುವುದೆಂದು ಹಿರಿಯರು ಮಾತಾಡಿಕೊಂಡೆವು. ‘ಪಪ್ಪಾ, ಮೀ ಏಕಟೀಚ್ ಆಹೇ’, ನಾನಿರೋದು ಒಬ್ಬಳೇ ಎಂದು ಮಗಳು ಫೋನಿನಲ್ಲಿ ನಕ್ಕಳು.

ಉಳಿದದ್ದನ್ನು ಯಾರು ಹೇಗೆ ಬೇಕಾದರೂ ಮಾಡಿಕೊಳ್ಳಲಿ, ನನಗೆ ಬೇಕಾದದ್ದು ಒಂದೇ ಒಂದು. ನಮ್ಮವ್ವ ಹಾಡುತ್ತಿದ್ದ ಕುಬಸದ ಹಾಡು ನನ್ನ ಮಗಳ ಸುತ್ತ ಒಂದು ಸಲ ಕೇಳಿಸಬೇಕು. ಈ ಹಾಡಿನ ಬಗ್ಗೆ ನಾನು ಮದುವೆಯ ಮಾತುಕತೆಯ ದಿನದಿಂದಲೇ ಬೀಗಿತ್ತಿಯ ತಲೆ ತಿನ್ನುತ್ತ ಬಂದಿದ್ದೆ. ಆಕೆ ದೊಡ್ಡ ಮನಸ್ಸಿನ ಹೆಂಗಸು. ತಾವು ಸ್ಪೀಕರಿನಲ್ಲಿ ಹಾಕಬೇಕೆಂದಿದ್ದ ಹಾಡುಗಳನ್ನು ಒಂದಷ್ಟು ಕಡಿಮೆ ಮಾಡಿ, ‘ವ್ಯಾಹಿಬುವಾ, ಬೀಗರೇ, ನಿಮ್ಮ ಆಯೀಯ ಹಾಡು ಹಾಡಿಯೇಬಿಡೋಣ. ನಮಗೆ ಕನ್ನಡ ಓದಲು ಬರುವುದಿಲ್ಲ ನೋಡಿ, ಮರಾಠಿ ಅಕ್ಷರದಲ್ಲಿ ಕಳಿಸಿಕೊಡಿ, ನಮ್ಮ ಕಡೆಯ ಹೆಂಗಸರೆಲ್ಲ ದನಿಗೂಡಿಸುತ್ತೇವೆ’ ಎಂದು ಮರಾಠಿಯಲ್ಲಿ ಹೇಳಿದರು. ನಿಜ ಹೇಳಬೇಕೆಂದರೆ ನಮ್ಮ ಕಡೆಯ ಹುಡುಗಿಯರ ಪಾಡೂ ಅಷ್ಟೇ. ಡೊಂಬಿವಲಿ, ಕಲ್ಯಾಣದಲ್ಲಿ ಹುಟ್ಟಿದ ನಮ್ಮವರ ಮಕ್ಕಳಿಗೆ ಕನ್ನಡ ಕಿವಿಗೆ ಹತ್ತುತ್ತದೆ, ಕಣ್ಣಿಗೆ ಹತ್ತುವುದಿಲ್ಲ. ಬಾಯಿಗಂತೂ ದೇವರೇ ಗತಿ.

ನಮ್ಮವ್ವನ ಬಗ್ಗೆ ಎರಡು ಮಾತು. ಗದಗಿನಲ್ಲಿದ್ದಾಗ ನಮ್ಮ ಓಣಿಯಲ್ಲಿ ಅವ್ವ ಬರದೆ ಯಾರ ಮನೆಯ ಕುಬಸವೂ ಶುರುವಾಗುತ್ತಿರಲಿಲ್ಲ. ನಾನು ಒಬ್ಬನೇ ಮಗ. ಮನೆಯಲ್ಲಿ ಬಿಟ್ಟು ಬರಲು ಯಾರೂ ಇಲ್ಲದ್ದರಿಂದ ಅವ್ವ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದಳು. ಹೆಂಗಸರ ನಡುವೆ ಕೂತು, ಬಸುರಿಗೆಂದು ಮಾಡಿದ ಕರಚೀಕಾಯಿಯನ್ನು ಬಸುರಿಗಿಂತ ಮೊದಲು ತಿಂದವನು ನಾನು. ಡೊಂಬಿವಲಿಗೆ ಬಂದಮೇಲೆ ಅವ್ವ ಹಾಡಿದ್ದು ಒಂದೇ ಸಲ, ಸುಮತಿಯ ಕುಬಸದಲ್ಲಿ. ಆಮೇಲೆ ದಮ್ಮು ಹತ್ತಿಕೊಂಡು ಹಾಡು ನಿಂತಿತು. ಮುಂದೆ ಮನೆಗೆ ಕಂಪ್ಯೂಟರ್ ಬಂದಾಗ ನನಗೊಂದು ಹುಕಿ ಹತ್ತಿತು. ಅವ್ವನ ಹಾಡುಗಳನ್ನೆಲ್ಲ ಟೈಪ್ ಮಾಡಿ ಇಡಬೇಕು! ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಬೆರಳಿನಲ್ಲಿ ಕುಟ್ಟುತ್ತಿದ್ದೆ. ಅವ್ವ ಮರೆತು ಹಾಡಲು ಶುರುಮಾಡುವಳು, ಕೆಮ್ಮು ಬರುವುದು, ನಾನು ಗಾಬರಿಬಿದ್ದು ‘ಹಾಡಬ್ಯಾಡ ಅವ್ವಾ, ದಮ್ಮ ಹತ್ತತದ, ಬರೇ ಹೇಳು’ ಅನ್ನುವೆ. ‘ಹಾಡಿದ್ರ ನೆನಪಾಗತದೋ ಯಪ್ಪಾ, ಬರೇ ಹೇಳಂದ್ರ ಹ್ಯಾಂಗ ಬರಬೇಕು?’ ಎಂದು ಬೈಯುತ್ತಲೇ ಹೇಳಿಕೊಟ್ಟಳು. ಹಾಗೆ ಸೇರಿಕೊಂಡ ಹಾಡುಗಳಲ್ಲಿ ಈ ಕುಬಸದ ಹಾಡೂ ಒಂದು.

ಹಸರ ಕುಬಸಾ ತಂದ ತವರೂರ ಅಣ್ಣಯ್ಯ
ತೋಳೀಗಿ ಬಿಗಿಯಾತ ಅಂದಾಳ, ನನ ತಂಗಿ
ಹೊಲದವನ ಮ್ಯಾಲ ಮುನದಾಳ

ಹೀಗೆ ಸಾಗುತ್ತದೆ. ಬಸುರಿಗೆ ತೋಳು ದಪ್ಪವಾದದ್ದು ಗೊತ್ತಿಲ್ಲ, ಕುಬಸ ಹೊಲಿದವನ ಮೇಲೆ ಸಿಟ್ಟು. ಆ ಸಿಟ್ಟಿಗೆ ಓಣಿಯ ಹೆಂಗಸರೆಲ್ಲ ಬಿದ್ದುಬಿದ್ದು ನಗುತ್ತಿದ್ದುದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಇನ್ನು ಆ ಹಾಡು ಮರಾಠಿ ಅಕ್ಷರಕ್ಕೆ ಬರುವ ಕಥೆ. ಅಶ್ವಿನಿಗೆ ಕನ್ನಡ ಅಕ್ಷರ ಕಲಿಸಬೇಕೆಂದು ನಾನು ಪಟ್ಟ ಪಾಡು ಒಂದೆರಡಲ್ಲ. ಕನ್ನಡ ಸಂಘದ ಭಾನುವಾರದ ತರಗತಿಗೆ ಕಳಿಸಿದೆ. ಅಲ್ಲಿ ಕೊಡುವ ಅವಲಕ್ಕಿ ಚೆನ್ನಾಗಿರುವವರೆಗೆ ಹೋದಳು. ಅಕ್ಷರಮಾಲೆಯ ಪಟವನ್ನು ಗೋಡೆಗೆ ತೂಗುಹಾಕಿದೆ. ಅದರ ಮೇಲೆ ಶಾಲೆಯ ಚೀಲ ತೂಗಿತು. ನಾವು ಕನ್ನಡದಲ್ಲಿ ಕೇಳುತ್ತೇವೆ, ಅವಳು ಮರಾಠಿಯಲ್ಲೋ ಹಿಂದಿಯಲ್ಲೋ ಉತ್ತರ ಕೊಡುತ್ತಾಳೆ. ಬೈಗುಳ ಮಾತ್ರ ಮೂರೂ ಭಾಷೆಯಲ್ಲಿ ಚೆನ್ನಾಗಿ ತಿಳಿಯುತ್ತದೆ. ಇಂಜಿನಿಯರಿಂಗ್ ಓದುತ್ತಿದ್ದಾಗ ಒಂದು ಸಲ ನಾನು, ‘ನಿಮ್ಮಜ್ಜಿ ಹಾಡರೆ ಓದೂವಷ್ಟು ಕಲಿಯವ್ವಾ’ ಎಂದು ಗೋಗರೆದೆ. ಅವಳು ಆ ವಾರ ಎರಡು ಸಂಜೆ ಕಂಪ್ಯೂಟರಿನ ಮುಂದೆ ಕೂತಳು. ನಾನು ಅಡಿಗೆಮನೆಗೆ ಹೋಗಿ ಸುಮತಿಗೆ ‘ಕಲೀತಿದಾಳ, ಸಪ್ಪಳ ಮಾಡಬ್ಯಾಡ’ ಎಂದು ಪಿಸುಗುಟ್ಟಿದೆ. ಎದ್ದು ಬಂದವಳು, ‘ಹೋ ಗಯಾ ಪಪ್ಪಾ! ಅಬ್ ಮುಝೇ ಸೀಖನೇ ಕೀ ಝರೂರತ್ ಹೀ ನಹೀಂ’, ಇನ್ನು ನಾನು ಕಲಿಯುವ ಅಗತ್ಯವೇ ಇಲ್ಲ ಎಂದು ಕುಣಿದಳು. ಕನ್ನಡವನ್ನು ಕೊಟ್ಟರೆ ದೇವನಾಗರಿಗೆ ತಿರುಗಿಸಿ ಕೊಡುವ ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮ್, ಬರೆದಿದ್ದಳು. ತಾನು ಕಲಿಯಬೇಕಾದದ್ದನ್ನು ಕಂಪ್ಯೂಟರಿಗೆ ಕಲಿಸಿಬಿಟ್ಟಿದ್ದಳು! ನನಗೆ ಹೆಮ್ಮೆಯೂ ಹೊಟ್ಟೆಯುರಿಯೂ ಒಟ್ಟಿಗೆ ಆಯಿತು. ಸ್ಕ್ರಿಪ್ಟಿನ ಕೆಲಸ ಮುಗಿದಾಗ ಕಪ್ಪು ಪರದೆಯ ಮೇಲೆ ‘ಝಾಲಂ ಪಪ್ಪಾ, ಆತಾ ಚಹಾ ಪ್ಯಾ’, ಆಯಿತು ಪಪ್ಪಾ, ಈಗ ಚಹಾ ಕುಡಿಯಿರಿ ಎಂದು ಬರುವಂತೆ ಮಾಡಿದ್ದಳು. ಅವಳು ಮದುವೆಯಾಗಿ ಕಾಮೋಠೆಗೆ ಹೋದಮೇಲೆ ನಾನು ಯಾವ ಕೆಲಸವೂ ಇಲ್ಲದೆ ಎಷ್ಟೋ ಸಲ ಅದನ್ನು ಓಡಿಸಿ, ಆ ಸಾಲು ಓದಿ, ಚಹಾ ಕುಡಿದಿದ್ದೇನೆ. ಸುಮತಿಗೆ ಇದು ಗೊತ್ತಿಲ್ಲ, ಗೊತ್ತಿದ್ದರೂ ಹೇಳಿಲ್ಲ.

ಈ ನಡುವೆ ಕಂಪ್ಯೂಟರ್ ಕೆಟ್ಟು ಉಲ್ಹಾಸನಗರದ ಒಂದು ಅಂಗಡಿಗೆ ಹೋಗಿ ಬಂತು. ಹೊಸ ಡಿಸ್ಕ್ ಹಾಕಿಸಿದ್ದಾಯಿತು. ನನ್ನ ಹಾಡು, ಫೋಟೋ, ಸ್ಕ್ರಿಪ್ಟ್ ಎಲ್ಲ ಸುರಕ್ಷಿತವಾಗಿ ಮರಳಿದವು. ಆದರೆ ಸ್ಕ್ರಿಪ್ಟನ್ನು ಓಡಿಸುವ ಪೈಥಾನ್ ಎಂಬುದು ಹಳೆಯ ಡಿಸ್ಕಿನ ಜೊತೆಗೇ ಹೋಗಿತ್ತು. ಅದೇನು ಮಹಾ ಎಂದು ‘ಹಲೋ ದೋಸ್ತೋ’ ಎಂದು ಶುರುವಾಗುವ ಒಂದು ವಿಡಿಯೋ ನೋಡಿ ಪೈಥಾನನ್ನು ಹಾಕಿಕೊಂಡೆ. ಸ್ಕ್ರಿಪ್ಟ್ ಓಡಿಸಿದೆ. ಆಗ ಬಂತು ಆ ಸಾಲು: ಇಂಥ ಹೆಸರಿನ ಮಾಡ್ಯೂಲ್ ಇಲ್ಲ. ಮಾಡ್ಯೂಲ್ ಎಂದರೆ ಯಾರೋ ಪುಣ್ಯಾತ್ಮರು ಮೊದಲೇ ಬರೆದಿಟ್ಟ ಸಿದ್ಧ ಸಾಮಾನು. ನಮ್ಮ ಸ್ಕ್ರಿಪ್ಟು ಅದನ್ನು ಕರೆಸಿಕೊಂಡು ತನ್ನ ಕೆಲಸ ಮಾಡಿಸಿಕೊಳ್ಳುತ್ತದೆ. ಅಕ್ಷರ ತಿರುಗಿಸುವ ಆ ಮಾಡ್ಯೂಲು ಹೊಸ ಡಿಸ್ಕಿನಲ್ಲಿ ಇರಲಿಲ್ಲ. ಇಷ್ಟು ನನಗೆ ಅರ್ಥವಾಯಿತು, ಸಿಟ್ಟೂ ಬರಲಿಲ್ಲ. ಇಲ್ಲದಿದ್ದರೆ ತರಿಸಿದರಾಯಿತು.

ತರಿಸುವುದಕ್ಕೂ ಒಂದು ಆಜ್ಞೆ ಇದೆಯೆಂದು ಇನ್ನೊಂದು ವಿಡಿಯೋದ ಎರಡನೆಯ ದೋಸ್ತ್ ಹೇಳಿದ. ಆದರೆ ಅವನ ಪೈಥಾನ್ ನನ್ನದಕ್ಕಿಂತ ಹೊಸದು. ಅದನ್ನೂ ಇಳಿಸಿಕೊಳ್ಳಿ ಎಂದ, ಇಳಿಸಿಕೊಂಡೆ. ಆಜ್ಞೆ ಕೊಟ್ಟೆ. ಪರದೆಯ ತುಂಬ ಏನೇನೋ ಸಾಲು ಸರಸರ ಓಡಿ, ಮಾಡ್ಯೂಲ್ ಬಂದು ಕೂತಿತು ಅಂತ ಹೇಳಿತು. ಕೈ ಮುಗಿದು ಸ್ಕ್ರಿಪ್ಟ್ ಓಡಿಸಿದೆ. ಮಾಡ್ಯೂಲ್ ಇಲ್ಲ! ಮತ್ತೆ ತರಿಸಲು ಹೋದೆ. ‘ಅದು ಆಗಲೇ ಇದೆಯಲ್ಲ, ಮತ್ತೇಕೆ?’ ಎಂಬರ್ಥದ ಇಂಗ್ಲಿಷು ಬಂತು. ಮತ್ತೆ ಓಡಿಸಿದೆ. ಇಲ್ಲ. ಮತ್ತೆ ತರಿಸಿದೆ. ಇದೆ. ಓಡಿಸಿದೆ. ಇಲ್ಲ. ನೋಡಿ, ಎಲ್ಲಿಂದ ಓಡಿ ಬಂದಿದ್ದೆನೋ ಅಲ್ಲಿಗೇ ತಂದು ನಿಲ್ಲಿಸಿತ್ತು. ‘ಅಲ್ಲೋ ಹುಚ್ಚಪ್ಯಾಲಿ, ಒಂದು ಇಲ್ಲಂತ ಹೇಳು, ಇಲ್ಲಾ ಐತಿ ಅಂತ ಹೇಳು!’ ಎಂದು ನಾನು ಕೂಗಿದ ಕೂಗಿಗೆ ಅಡಿಗೆಮನೆಯಿಂದ ಸುಮತಿ ಸೌಟು ಹಿಡಿದೇ ಬಂದಳು. ನಾನು ಯಾರ ಜೊತೆಯೋ ಫೋನಿನಲ್ಲಿ ಜಗಳಾಡುತ್ತಿದ್ದೇನೆಂದು ಅವಳ ಗ್ರಹಿಕೆ. ಪರದೆಯನ್ನೂ ನನ್ನನ್ನೂ ನೋಡಿ, ‘ಎಂತ ಮಾರಾಯ್ರೆ, ಆರು ಸಾಲಿನ ಹಾಡು. ಕೈಯಲ್ಲಿ ಬರ್ದು ಬಿಸಾಡಿದ್ರೆ ಇಷ್ಟೊತ್ತಿಗೆ ಮುಗೀತಿತ್ತು. ನಿಮಗೆ ಮರಾಠಿ ಬರೀಲಿಕ್ಕೆ ಬರುದಿಲ್ವಾ?’ ಎಂದಳು. ಆರು ಸಾಲಲ್ಲ, ಆರು ನುಡಿ ಎಂದು ತಿದ್ದಿದೆ. ಅವಳು ಸೌಟಿನ ಸಮೇತ ಒಳಗೆ ಹೋದಳು.

ನನ್ನ ಹಳೆಯ ಸ್ನೇಹಿತರಾದ ಶೆಟ್ಟರು ಮಾಜಿವಾಡಾದಲ್ಲಿ ಹೋಟೆಲ್ ಇಟ್ಟುಕೊಂಡಿದ್ದಾರೆ. ಅವರ ಬಿಲ್ಲಿನ ಯಂತ್ರ ಕೆಟ್ಟಾಗ ನಾನು ಸಲಹೆ ಕೊಟ್ಟಿದ್ದೆ. ಆ ಋಣ ತೀರಿಸಲಿ ಎಂದು ಅವರಿಗೆ ಫೋನ್ ಮಾಡಿದೆ. ‘ಬಂದ್ ಮಾಡಿ ಚಾಲೂ ಮಾಡಿದ್ರಾ?’ ಎಂದು ಕೇಳಿದರು. ಮಾಡಿದೆ ಅಂದೆ. ‘ಹಾಗಾದ್ರೆ ಇನ್ನೊಂದು ಸಲ ಮಾಡಿ’ ಅಂದರು. ಅದೂ ಆಯಿತು ಅಂದೆ. ‘ಅದೆಲ್ಲ ಬಿಡಿ ಭಟ್ರೆ, ಕೈಯಲ್ಲಿ ಬರೀರಿ’ ಅಂದರು. ನಾನು ಭಟ್ಟನಲ್ಲ. ಸಸ್ಯಾಹಾರಿ ಎಂದು ತಿಳಿದ ದಿನದಿಂದ ಶೆಟ್ಟರು ನನ್ನನ್ನು ಹಾಗೇ ಕರೆಯುವುದು. ಸುಮತಿ ಅವರಿಗೆ ಮೊದಲೇ ಫೋನ್ ಮಾಡಿದ್ದಳೋ ಏನೋ ಎಂಬ ಅನುಮಾನ ನನಗೆ ಇವತ್ತಿಗೂ ಇದೆ. ಕರಾವಳಿಯವರು ಒಂದಾದರೆ ನಮ್ಮಂಥವರಿಗೆ ಉಳಿಗಾಲವಿಲ್ಲ.

ಕೈಯಲ್ಲಿ ಬರೆಯಲು ನನಗೆ ಬರದೆ ಇಲ್ಲ. ಅಕ್ಷರ ಕೆಟ್ಟದು, ಹೆಂಗಸರಿಗೆ ಓದಲು ಆಗುವುದಿಲ್ಲ ಎಂದು ಎಲ್ಲರಿಗೂ ನೆಪ ಹೇಳಿದೆ. ನಿಮಗೆ ಮಾತ್ರ ನಿಜ ಹೇಳುತ್ತೇನೆ. ಅವ್ವ ಹೋಗಿ ಎಷ್ಟೋ ವರ್ಷವಾಯಿತು. ಅಜ್ಜಿ ಮೊಮ್ಮಗಳು ಒಬ್ಬರ ಮಾತು ಒಬ್ಬರಿಗೆ ಸರಿಯಾಗಿ ಹತ್ತದೆ, ಕೈಸನ್ನೆ ಮಾಡಿಕೊಂಡೇ ಪ್ರೀತಿ ಮಾಡಿದವರು. ಇಬ್ಬರೂ ಸೇರಿ ಮಾಡಿದ ಕೆಲಸ ಅಂತ ಈ ಭೂಮಿಯ ಮೇಲೆ ಇರುವುದು ಅದೊಂದೇ: ಅವ್ವ ಹೇಳಿದ ಹಾಡು, ಅಶ್ವಿನಿ ಬರೆದ ಸ್ಕ್ರಿಪ್ಟು. ಅವು ಎರಡೂ ಕೂಡಿ ಕಾಗದದ ಮೇಲೆ ಬರಬೇಕು, ನನ್ನ ಕೈ ನಡುವೆ ಬರಬಾರದು ಎಂದು ನನಗೆ ಆಸೆ. ಇದನ್ನು ಬಾಯಿಬಿಟ್ಟು ಹೇಳಿದರೆ ಸುಮತಿ ನಗುವುದಿಲ್ಲ, ಅಳುತ್ತಾಳೆ. ಅದಕ್ಕಿಂತ ಸೌಟು ವಾಸಿ ಎಂದು ಸುಮ್ಮನಿದ್ದೆ. ಮಗಳನ್ನೇ ಕೇಳಬಹುದಿತ್ತು. ಆದರೆ ತುಂಬಿದ ಬಸುರಿ, ಮನೆಯಿಂದಲೇ ಆಫೀಸಿನ ಕೆಲಸ ಮಾಡಿ ದಣಿದಿರುತ್ತಾಳೆ. ಅಲ್ಲದೆ, ಅವಳೆದುರು ಕಾಗದ ಹಿಡಿದು ನಿಂತು ಚಕಿತಗೊಳಿಸಬೇಕೆಂಬ ಹುರುಪು ನನಗೆ.

ಶುಕ್ರವಾರ ಬಂದರೂ ಪರದೆ ಇದೆ-ಇಲ್ಲ ಆಟ ಬಿಡಲಿಲ್ಲ. ಶನಿವಾರ ಬೆಳಿಗ್ಗೆ ಅಶ್ವಿನಿಯದೇ ಫೋನು. ತಾಯಿ ವರದಿ ಒಪ್ಪಿಸಿದ್ದಳು. ‘ಪಪ್ಪಾ, ಮಶೀನ್ ಪರ್ ಚಿಲ್ಲಾ ರಹೇ ಹೋ?’ ಮಶೀನಿನ ಮೇಲೆ ಕೂಗಾಡುತ್ತಿದ್ದೀರಾ ಎಂದು ನಗುತ್ತ, ನನ್ನ ಪರದೆಯ ಫೋಟೋ ಕಳಿಸಲು ಹೇಳಿದಳು. ನೋಡಿದ ತಕ್ಷಣ ಹಣೆ ಬಡಿದುಕೊಂಡ ಸದ್ದು ಕೇಳಿಸಿತು. ನನ್ನ ಕಂಪ್ಯೂಟರಿನಲ್ಲಿ ಎರಡು ಪೈಥಾನ್ ಇದ್ದವಂತೆ. ಮೊದಲ ದೋಸ್ತಿನದೊಂದು, ಎರಡನೆಯವನದೊಂದು. ನಾನು ಸಾಮಾನು ತರಿಸಿ ಇಡುತ್ತಿದ್ದದ್ದು ಒಬ್ಬನ ಮನೆಯಲ್ಲಿ, ಅಡಿಗೆಗೆ ಕೂತವನು ಪಕ್ಕದ ಮನೆಯವನು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ‘ಜೋ ಚಲಾತಾ ಹೈ ನಾ ಪಪ್ಪಾ, ಉಸೀ ಕೋ ಬೋಲೋ ಲಾನೇ ಕೋ’ ಎಂದಳು. ಯಾವ ಪೈಥಾನ್ ಓಡಿಸುತ್ತದೋ ಅದರ ಕೈಯಿಂದಲೇ ತರಿಸುವ ಆಜ್ಞೆ ಹೇಳಿಕೊಟ್ಟಳು. ತರಿಸಿದೆ. ಓಡಿಸಿದರೆ ಇನ್ನೊಂದು ಮಾಡ್ಯೂಲ್ ಇಲ್ಲ ಎಂದಿತು. ಅದನ್ನು ಕೊಟ್ಟರೆ ಮತ್ತೊಂದು. ಕಾಲೇಜಿನಲ್ಲಿದ್ದಾಗ ಹುಮ್ಮಸ್ಸಿನಲ್ಲಿ ಏನೇನು ಕರೆಸಿಕೊಂಡಿದ್ದಳೋ, ಅವಳಿಗೇ ಮರೆತಿತ್ತು. ನನಗೇನೂ ಬೇಜಾರಿರಲಿಲ್ಲ. ಪ್ರತಿ ಮಾಡ್ಯೂಲಿಗೂ ಮಗಳ ಜೊತೆ ಇನ್ನಷ್ಟು ಮಾತು. ಊಟ ಏನು ಮಾಡಿದಿ, ಕಾಲು ಬಾತಿದೆಯಾ, ರಾತ್ರಿ ಒದೆಯುತ್ತದಾ ಎಂದು ಎಲ್ಲ ಕೇಳಿಕೊಂಡೆ. ಇನ್ನೂ ನಾಲ್ಕು ಮಾಡ್ಯೂಲ್ ಕಾಣೆಯಾಗಲಿ ಎಂದು ಒಳಗೊಳಗೇ ಬೇಡುತ್ತಿದ್ದೆ.

ಕೊನೆಗೆ ಆ ಹಟಮಾರಿ ಪರದೆ ಬಾಯಿ ತೆರೆಯಿತು. ಚಹಾ ಕುಡಿಯುವ ಸಾಲೂ ಬಂತು. ಅವ್ವನ ಹಾಡು ದೇವನಾಗರಿಯಲ್ಲಿ ಮುತ್ತಿನಂತೆ ನಿಂತಿತ್ತು. ಅದನ್ನು ಅವಳ ಫೋನಿಗೆ ಕಳಿಸಿದೆ. ಅವಳು ಒಂದೊಂದೇ ಅಕ್ಷರ ಹಿಡಿದು ಓದಿ, ‘ಮುನದಾಳ ಮ್ಹಣಜೇ?’ ಹಾಗೆಂದರೇನು ಎಂದು ಕೇಳಿದಳು. ಸಿಟ್ಟಾಗಿದ್ದಾಳೆ, ಆದರೆ ಪ್ರೀತಿಯವರ ಮೇಲೆ ಮಾತ್ರ ಆಗುವ ಸಿಟ್ಟು ಎಂದು ಹೇಳಿಕೊಟ್ಟೆ. ‘ಆಯೀ ತುಮ್ಹಾಲಾ ಕರತೇ ತಸಂ?’ ಅಮ್ಮ ನಿಮ್ಮ ಮೇಲೆ ಮಾಡುತ್ತಾಳಲ್ಲ, ಹಾಗಾ ಎಂದಳು. ಹೌದು, ಹಾಗೇ ಅಂದೆ. ಸಂಜೆ ಸ್ಟೇಷನ್ನಿನ ಹತ್ತಿರ ಹೋಗಿ ನಲವತ್ತು ಪ್ರತಿ ತೆಗೆಸಿದೆ. ಬರುವವರು ಅಷ್ಟು ಜನವಿರಲಿಲ್ಲ. ಇರಲಿ ಬಿಡಿ, ಖುಷಿಯಲ್ಲಿ ಲೆಕ್ಕ ಯಾರಿಗೆ ಬೇಕು.

ಭಾನುವಾರ ಸಭಾಗೃಹ ಹೂವಿನ ಅಂಗಡಿಯಾಗಿತ್ತು. ಅಶ್ವಿನಿ ಹಸಿರು ಸೀರೆಯಲ್ಲಿ, ಬೀಗಿತ್ತಿ ಸಿಂಗರಿಸಿದ ಉಯ್ಯಾಲೆಯಲ್ಲಿ, ಸುಮತಿ ಉಡುಪಿಯಿಂದ ಬಸ್ಸಿನಲ್ಲಿ ತರಿಸಿದ ಮಲ್ಲಿಗೆ ಮುಡಿದು ಕೂತಿದ್ದಳು. ನೋಡಿದರೆ ದೃಷ್ಟಿಯಾಗುವಂತಿತ್ತು. ಗಂಡಸರೆಲ್ಲ ಹಿಂದೆ, ಊಟದ ಮೇಜಿನ ಬಳಿ ನಿಂತಿದ್ದೆವು. ಶೆಟ್ಟರೂ ಬಂದಿದ್ದರು. ನಾನು ಕಾಗದ ಹಂಚಿ, ಎದೆ ಉಬ್ಬಿಸಿ ನನ್ನ ಜಾಗಕ್ಕೆ ಬಂದೆ. ಕಾಮೋಠೆಯ ಹೆಂಗಸರು, ಡೊಂಬಿವಲಿಯ ಹೆಂಗಸರು, ನಮ್ಮವರ ಹುಡುಗಿಯರು, ಎಲ್ಲರ ಕೈಯಲ್ಲೂ ಅವ್ವನ ಹಾಡು. ಎಲ್ಲರಿಗೂ ಓದಲು ಬರುತ್ತದೆ. ಬೀಗಿತ್ತಿ ಕನ್ನಡಕ ಏರಿಸಿ, ಗಂಟಲು ಸರಿಮಾಡಿ, ಎಲ್ಲರ ಮುಖ ನೋಡುತ್ತ ಕೈ ಎತ್ತಿದರು.

ಯಾರೂ ಬಾಯಿ ತೆರೆಯಲಿಲ್ಲ.

‘ಚಾಲ್ ಕಾಯ್ ಆಹೇ?’ ಧಾಟಿ ಯಾವುದು ಎಂದು ಬೀಗಿತ್ತಿ ಕೇಳಿದರು. ಎಲ್ಲರೂ ಸುಮತಿಯ ಕಡೆ ತಿರುಗಿದರು. ‘ನಂಗೆಂತ ಗೊತ್ತು? ಕೇಳಿದ್ದು ಒಂದೇ ಸಲ. ಅವತ್ತು ನಂಗೆ ವಾಂತಿ ತಡಿಯೂದೇ ದೊಡ್ಡ ಕೆಲ್ಸ ಆಗಿತ್ತು’ ಎಂದು ಸುಮತಿ ನನ್ನ ಕಡೆ ತಿರುಗಿದಳು. ಅವಳ ಹಿಂದೆಯೇ ಇಡೀ ಸಭಾಗೃಹ ನನ್ನ ಕಡೆ ತಿರುಗಿತು. ನನ್ನ ಕೈಯಲ್ಲಿ ಅರ್ಧ ತಿಂದ ಬಟಾಟೆವಡೆ ಇತ್ತು. ವಾರವಿಡೀ ಆ ಪರದೆಯ ಮುಂದೆ ಕೂತು ಯಾವ ಯಾವುದು ಇಲ್ಲ ಎಂದು ಹುಡುಕಿದವನಿಗೆ, ಇದೊಂದು ಇಲ್ಲ ಎಂದು ಹೊಳೆದೇ ಇರಲಿಲ್ಲ. ಆ ಹಾಡನ್ನು ನಮ್ಮವ್ವನ ಗಂಟಲಿನಿಂದ ಮತ್ತೆ ಮತ್ತೆ ಕೇಳಿದವನು ಆ ಕೋಣೆಯಲ್ಲಿ ನಾನೊಬ್ಬನೇ. ಕುಬಸದಲ್ಲಿ ಗಂಡಸರು ಹಾಡುವ ಪದ್ಧತಿ ಇಲ್ಲ. ಅದರಲ್ಲೂ ನನ್ನಂಥ ಗಂಡಸು ಸ್ನಾನದ ಮನೆಯಲ್ಲಿ ಹಾಡಿದರೂ ಪಕ್ಕದ ಮನೆಯವರು ನಲ್ಲಿ ಗೊರಗುಟ್ಟಿತೆಂದುಕೊಂಡು ನೀರು ಬಂತೇ ಎಂದು ಕೇಳುತ್ತಾರೆ. ‘ಹಾಡಿ ಭಟ್ರೆ, ಹೆದ್ರಬೇಡಿ, ನಾವೆಲ್ಲ ಇದ್ದೇವೆ’ ಎಂದು ಶೆಟ್ಟರು ನನ್ನನ್ನು ಮುಂದೆ ದೂಡಿದರು.

ವಡೆಯನ್ನು ಅಳಿಯನ ಕೈಗೆ ಕೊಟ್ಟು ಹೋಗಿ ಹೆಂಗಸರ ನಡುವೆ ಕೂತೆ. ಕಣ್ಣು ಮುಚ್ಚಿದೆ. ಮೊದಲ ಸಾಲು ತಾನಾಗಿ ಬಂತು. ಎರಡನೆಯ ಸಾಲೂ ಬಂತು. ‘ನನ ತಂಗಿ’ ಎನ್ನುವಲ್ಲಿ ಅವ್ವ ದನಿಯನ್ನು ಎಲ್ಲಿಗೋ ಕರೆದುಕೊಂಡು ಹೋಗಿ ಮೆಲ್ಲಗೆ ಇಳಿಸುತ್ತಿದ್ದಳು. ಅಲ್ಲಿ ನನ್ನ ಗಂಟಲು ಕತ್ತಲಲ್ಲಿ ಮೆಟ್ಟಿಲು ತಡಕಿದಂತೆ ತಡಕಿತು. ಕ್ಷಣ ಬಿಟ್ಟು ಎಲ್ಲಿಂದಲೋ ಒಂದು ಧಾಟಿ ಸಿಕ್ಕಿತು, ಹಿಡಿದು ಮೂರನೆಯ ಸಾಲಿಗೆ ಇಳಿದೆ. ಎರಡನೆಯ ನುಡಿಗೆ ಬೀಗಿತ್ತಿ ಚಪ್ಪಾಳೆ ಸೇರಿಸಿದರು. ಮೂರನೆಯದಕ್ಕೆ ಎಲ್ಲರೂ! ಎಷ್ಟು ಬೇಗ ಹಿಡಿದುಬಿಟ್ಟರು, ಹುಟ್ಟಿನಿಂದ ಗೊತ್ತಿದ್ದ ಹಾಡಿನ ಹಾಗೆ. ಕಣ್ಣು ತೆರೆದು ನೋಡಿದರೆ ನನ್ನ ಮಗಳು ಉಯ್ಯಾಲೆಯಲ್ಲಿ ಕೂತು, ಒಂದು ಕೈಯಲ್ಲಿ ಕಾಗದ, ಇನ್ನೊಂದು ಕೈ ಹೊಟ್ಟೆಯ ಮೇಲೆ, ‘ಹೊಲದವನ ಮ್ಯಾಲ ಮುನದಾಳ’ ಎಂದು ನಗುತ್ತ ಅಳುತ್ತ ಹಾಡುತ್ತಿದ್ದಳು. ನನ್ನ ಅಶ್ವಿನಿಯ ಬಾಯಿಯಲ್ಲಿ ಕನ್ನಡ! ಇದಕ್ಕೆ ನಾನು ಎಷ್ಟು ವರ್ಷ ಹಂಬಲಿಸಿದ್ದೆ ಎಂಬುದು ಆಗಲೇ ನನಗೆ ಸರಿಯಾಗಿ ಗೊತ್ತಾದದ್ದು.

ಎಲ್ಲರೂ ಹೋದಮೇಲೆ ಸುಮತಿ, ನಾನು ಪಾತ್ರೆ ಎಣಿಸಿ ಜೋಡಿಸುತ್ತಿದ್ದೆವು. ನಾನು ಗುನುಗುತ್ತಲೇ ಇದ್ದೆ. ಸುಮತಿ ಕೈ ನಿಲ್ಲಿಸಿ ಹೇಳಿದಳು: ‘ಒಂದು ಹೇಳ್ಲಾ? ಅತ್ತೆ ಹಾಗೆ ಹಾಡಿದ್ದಲ್ಲ.’ ‘ಮತ್ತ ಹ್ಯಾಂಗ ಹಾಡಿದ್ಲು?’ ಎಂದೆ. ‘ನೆನಪಿಲ್ಲ. ಆದ್ರೆ ಹಾಗಲ್ಲ’ ಎಂದಳು. ನನಗೆ ಅದು ಆಗಲೇ ಗೊತ್ತಿತ್ತು. ಆ ಧಾಟಿ ಎಲ್ಲಿಯದೆಂಬುದೂ ಗೊತ್ತಾಗಿತ್ತು. ಕಲ್ಯಾಣದಿಂದ ಬರುವ ಬೆಳಗಿನ ಲೋಕಲ್ ರೈಲಿನಲ್ಲಿ ಆಫೀಸಿಗೆ ಹೋಗುವವರ ಒಂದು ಭಜನೆ ಮಂಡಳಿ ಇರುತ್ತದೆ. ತಾಳ ಕುಟ್ಟಿಕೊಂಡು ಮರಾಠಿ ಅಭಂಗ ಹಾಡುತ್ತ ಹೋಗುತ್ತಾರೆ. ನೌಕರಿ ಮುಗಿಯುವವರೆಗೆ ಡೊಂಬಿವಲಿಯಿಂದ ಠಾಣೆಗೆ ನಾನು ಅವರ ಡಬ್ಬಿಯಲ್ಲೇ ಕಂಬಿ ಹಿಡಿದು ನಿಂತು ಹೋದವನು. ಅವ್ವನ ಹಾಡು ಎಲ್ಲಿ ಹರಿದಿತ್ತೋ ಅಲ್ಲಿಗೆ ನನ್ನ ಗಂಟಲು ಆ ಅಭಂಗದ ತುಂಡನ್ನು ತಂದು ಹೊಲಿದುಬಿಟ್ಟಿತ್ತು. ಕಾಮೋಠೆಯ ಹೆಂಗಸರು ಅಷ್ಟು ಬೇಗ ಹಿಡಿದದ್ದರಲ್ಲಿ ಆಶ್ಚರ್ಯವೇನಿದೆ? ಪಾತ್ರೆ ಬಿಟ್ಟು ಕಣ್ಣುಮುಚ್ಚಿ ಅವ್ವನ ದನಿಯನ್ನು ಮತ್ತೆ ಹುಡುಕಿದೆ. ಬರೀ ತಾಳದ ಸದ್ದು ಬಂತು. ಸುಮತಿ ನನ್ನ ಹೆಗಲ ಮೇಲೆ ಕೈ ಇಟ್ಟಳು.

ಅವತ್ತಿನ ಹಾಡನ್ನು ಯಾರೋ ಫೋನಿನಲ್ಲಿ ಹಿಡಿದಿದ್ದರು. ಅದು ಊರೆಲ್ಲ ತಿರುಗಿತು. ಕಲ್ಯಾಣದ ಒಬ್ಬ ತಾಯಿ ಫೋನ್ ಮಾಡಿ, ‘ನಮ್ಮ ಸೊಸಿ ಕುಬಸಕ್ಕ ಅದs ಹಳೀ ಧಾಟಿ ಬೇಕ್ರೀ, ಈಗಿನವ್ರಿಗೆ ಇಂಥಾ ಅಸಲಿ ಪದಾ ಎಲ್ಲಿ ಬರ್ತಾವ್ರೀ?’ ಎಂದರು. ಹೌದ್ರೀ ಎಂದು ಕಳಿಸಿಕೊಟ್ಟೆ. ಈಗ ಅಶ್ವಿನಿಗೆ ಹೆಣ್ಣು ಮಗು. ಮೊನ್ನೆ ಕಾಮೋಠೆಗೆ ಹೋದಾಗ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಅದೇ ಹಾಡು ಹಾಡುತ್ತಿದ್ದಳು, ಕಾಗದ ಇಲ್ಲದೆ. ನಾನು ಬಾಗಿಲಲ್ಲೇ ನಿಂತೆ. ‘ನನ ತಂಗಿ’ ಎನ್ನುವಲ್ಲಿ ಅವಳೂ ನನ್ನ ಹಾಗೇ ತಪ್ಪು ದಾರಿ ಹಿಡಿದು, ಸುಸೂತ್ರವಾಗಿ ಹೊರಗೆ ಬಂದಳು. ಕೂಸು ಕಣ್ಣು ಮುಚ್ಚುತ್ತಿತ್ತು. ತಲೆ ಎತ್ತಿ ನನ್ನನ್ನು ನೋಡಿ, ‘ಪಪ್ಪಾ, ಅಜ್ಜಿ ಹಿಂಗs ಹಾಡ್ತಿದ್ಲಾ?’ ಎಂದು ಕೇಳಿದಳು. ಕನ್ನಡದಲ್ಲಿ ಕೇಳಿದಳು, ನಮ್ಮ ಗದಗಿನ ಕನ್ನಡದಲ್ಲಿ. ‘ಹೂಂ ಯವ್ವಾ, ಥೇಟ್ ಹಿಂಗs’ ಎಂದು ಹೇಳಿ, ಅವಳು ನನ್ನ ಮುಖ ಸರಿಯಾಗಿ ನೋಡುವ ಮೊದಲೇ ಕೈಕಾಲು ತೊಳೆಯುವ ನೆವ ಮಾಡಿ ಬಚ್ಚಲಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟೆ.